ಇಳಿಜಾರಿನಲ್ಲಿ ತಳ್ಳಿದ ಸೈಕಲ್

ನನ್ನ ಮೊಮ್ಮಗಳು ಸೈಕಲ್ ತುಳಿಯುವುದನ್ನು ನೀವೊಮ್ಮೆ ನೋಡಬೇಕು. ನಾನು ಎಲ್ಲರಿಗೂ ಹೀಗೇ ಹೇಳುತ್ತೇನೆ. ಕೊಟ್ಟೂರಿನ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಾ ಹೇಳುತ್ತೇನೆ, ಹಗರಿಬೊಮ್ಮನಹಳ್ಳಿ ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ಹೇಳುತ್ತೇನೆ. ತಂಬ್ರಹಳ್ಳಿಯಲ್ಲಿರುವ ನನ್ನ ತಂಗಿ ಫೋನು ಎತ್ತಿದ ಕೂಡಲೇ, "ಅಣ್ಣಾ, ನೀ ಉಂಡಿಯೋ ಇಲ್ಲೋ ಅದನ್ನ ಮೊದ್ಲ ಹೇಳು, ಮೊಮ್ಮಗಳ ಪುರಾಣ ಆಮ್ಯಾಲೆ" ಅನ್ನುತ್ತಾಳೆ. ಏನು ಮಾಡಲಿ, ಉಕ್ಕಿ ಬರುತ್ತದೆ. ಆ ಬಗ್ಗಿದ ಹ್ಯಾಂಡಲ್ ಹಿಡಿದು, ಬೆನ್ನು ಚಪ್ಪಟೆ ಮಾಡಿಕೊಂಡು ಅವಳು ಹೊರಟಳೆಂದರೆ ಒಲೆಯ ಮೇಲಿನ ಹಾಲಿನ ಹಾಗೆ ನಾನು ಮೇಲೆ ಬಂದುಬಿಡುತ್ತೇನೆ. ತಳ ಹಿಡಿದದ್ದು ಯಾರಿಗೂ ಕಾಣುವುದಿಲ್ಲ. ಅದನ್ನೂ ಒಂದು ಸಲ ಬರೆದುಬಿಡೋಣ ಅಂತ ಕೂತಿದ್ದೇನೆ.

ಅವಳು ಕೊಟ್ಟೂರಿನ ಕಾಲೇಜಿನಲ್ಲಿ ಓದುತ್ತಾಳೆ. ಅಲ್ಲಿ ಅವಳಿಗೆ ಸೈಕಲ್ ಕಲಿಸುವ ಒಬ್ಬ ಮೇಷ್ಟ್ರಿದ್ದಾರೆ, ಹರೆಯದಲ್ಲಿ ತಾವೇ ರೇಸಿನಲ್ಲಿ ಓಡಿದವರು. ತಮ್ಮ ಹಳೇ ಸೈಕಲನ್ನೇ ಇವಳಿಗೆ ಕೊಟ್ಟರು. ತುಳಿಯುವ ತನಕ ನಿನ್ನದು, ಬಿಟ್ಟ ದಿನ ನನಗೆ ವಾಪಸು ಅಂತ ಮಾತು. ಉಕ್ಕಿನ ಸೈಕಲ್. ಮನೆಗೆ ತಂದ ದಿನ ನನ್ನ ಸೊಸೆ ಸುತ್ತ ತಿರುಗಿ ನೋಡಿ, "ಇದೇನಿದು, ಸ್ಟ್ಯಾಂಡ್ ಇಲ್ಲ, ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಬರೇ ಎಲುಬು ತಂದಿ" ಅಂದಳು. ಗೋಡೆಗೆ ಒರಗಿಸಿದ ಮೇಲೆ ನಾನು ಬೆರಳಿನ ಗೆಣ್ಣಿನಿಂದ ಅದರ ಪೈಪಿಗೆ ಬಡಿದು ನೋಡಿದೆ. ಟಣ್ ಅಂತು. ಕಂಚಿನ ತಟ್ಟೆಯ ದನಿ, ನಿಂತ ಮೇಲೂ ಸ್ವಲ್ಪ ಹೊತ್ತು ಬೆರಳಲ್ಲಿ ಉಳಿಯುವಂಥದ್ದು. ಸೀಟಿನ ಕೆಳಗೆ ಒಂದು ಕಡೆ ಕೂಡಿಸಿದ ಗುರುತಿತ್ತು.

"ಅಲ್ಲಿ ಮುರಿದಿತ್ತಂತ ತಾತ, ಕೂಡಿಸ್ಯಾರ. ಉಕ್ಕು ಮುರಿಯೋಕಿಂತ ಮೊದ್ಲ ಬಗ್ಗತೈತಿ, ಹೇಳಿ ಮುರೀತೈತಿ. ಅಲ್ಯೂಮಿನಿಯಂ ಹೇಳಂಗಿಲ್ಲ, ಕೇಳಂಗಿಲ್ಲ, ಪಟ್ ಅನ್ನತೈತಿ."

"ಮತ್ತ ಉಳಿದ ಹುಡುಗರೆಲ್ಲ ಅದನ್ನ ತುಳೀತಾರಲ್ಲ?"

"ಅದು ಹಗುರ ಐತಿ. ಆದ್ರ ರಸ್ತೆಮ್ಯಾಗಿನ ಒಂದೊಂದು ಹರಳನ್ನೂ ಕೈಗೆ ತಂದು ಎಣಿಸತೈತಿ. ಇದು ನುಂಗತೈತಿ ತಾತ. ನಿನ್ನಂಗ."

ನಗೆಯಾಡಿದಳು, ನಾನೂ ನಕ್ಕೆ. ಆದರೆ ಬಗ್ಗುವುದನ್ನೂ ನುಂಗುವುದನ್ನೂ ಅವಳು ಗುಣ ಅಂತ ಹೊಗಳಿದ್ದು ನನಗೆ ಒಳಗೆ ಸೇರಲಿಲ್ಲ. ಅವೆರಡನ್ನೂ ಮಾಡಿದವನಿಗೆ ಅದರ ರುಚಿ ಗೊತ್ತು.

ನನಗೂ ಒಂದು ಉಕ್ಕಿನ ಸೈಕಲ್ ಇತ್ತು. ಇದರ ಹಾಗೆ ತೆಳ್ಳಗಲ್ಲ, ಎಮ್ಮೆಯಂಥದ್ದು. ನಾನು ಕೊಟ್ಟೂರಿನ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದೆ, ಶೇಂಗಾ ಚೀಲ ಹೊರುವ ಕೆಲಸ. ದಿನಾ ಹೋಗಿ ಬರುವುದು ಸೈಕಲ್ ಮೇಲೆ. ದಿನವೆಲ್ಲ ಭಾರ ಬೆನ್ನಿನ ಮೇಲಿರುತ್ತಿತ್ತು, ಸೈಕಲ್ ಹತ್ತಿದ ಮೇಲೆ ನಾನೇ ಭಾರ, ಅದು ನನ್ನನ್ನು ಹೊರುತ್ತಿತ್ತು. ಅಷ್ಟು ಸುಖ ನನಗೆ ಮತ್ತೆಲ್ಲೂ ಸಿಕ್ಕಿರಲಿಲ್ಲ. ಸಂಜೆ ಬಿಸಿಲು ಇಳಿದ ಮೇಲೆ ಜೋಳದ ಹೊಲಗಳ ನಡುವೆ ಖಾಲಿ ರಸ್ತೆ, ಚೈನಿನ ಸಪ್ಪಳ ಬಿಟ್ಟರೆ ಬೇರೆ ಏನಿಲ್ಲ. ಕೂಡ್ಲಿಗಿಗೆ ಹೋಗು ಅಂದರೂ ಹೋಗುತ್ತಿದ್ದೆ, ಹರಪನಹಳ್ಳಿಗೆ ಅಂದರೂ ಹೋಗುತ್ತಿದ್ದೆ. ಎರಡು ಚಕ್ರ ಇದ್ದವನಿಗೆ ದೂರ ಅನ್ನುವುದೇ ಇರಲಿಲ್ಲ.

ಇದ್ದದ್ದು ಒಂದೇ ಕಡೆ. ನಮ್ಮೂರಲ್ಲಿ.

ನಮ್ಮೂರು ದಿನ್ನೆಯ ಮೇಲಿದೆ. ನಮ್ಮ ಕೇರಿ ಊರಿನ ಹಿಂದೆ. ಹೊರಗೆ ಹೋಗಬೇಕಾದರೆ ಊರಿನ ದೊಡ್ಡ ಓಣಿಯ ನಡುವೆಯೇ ಹಾದುಹೋಗಬೇಕು. ಓಣಿ ಮುಗಿಯುವ ಕಡೆ ಬೇವಿನ ಮರ, ಮರದ ಸುತ್ತ ಕಲ್ಲಿನ ಕಟ್ಟೆ. ಅಲ್ಲಿಂದ ಹಳ್ಳದ ಸೇತುವೆ ತನಕ ನೇರ ಇಳಿಜಾರು. ಈ ಸೀಮೆಯೆಲ್ಲ ಬಯಲು, ಅಂಥ ಇಳಿಜಾರು ಸುತ್ತಮುತ್ತ ಎಲ್ಲೂ ಇಲ್ಲ. ನಮ್ಮ ಕೇರಿಯವರು ಸೈಕಲ್ ಹತ್ತಿಕೊಂಡು ಆ ಕಟ್ಟೆಯ ಮುಂದೆ ಹೋಗುವ ಹಾಗಿರಲಿಲ್ಲ. ಓಣಿಯ ಬಾಯಲ್ಲೇ ಇಳಿದು ತಳ್ಳಿಕೊಂಡು ಹೋಗಬೇಕು. ಕಟ್ಟೆ ದಾಟಿದ ಮೇಲಾದರೂ ಹತ್ತಬಹುದೇ ಅಂದರೆ ಅದೂ ಇಲ್ಲ. ಕಟ್ಟೆಯ ಮೇಲೆ ಕೂತವರಿಗೆ ಹಳ್ಳದ ತನಕ ಕಾಣುತ್ತದೆ. ಅವರ ಕಣ್ಣಿಗೆ ಕಾಣುವಷ್ಟು ದೂರ ಕೆಳಗೇ ಇರಬೇಕು.

ಇಳಿಜಾರಿನಲ್ಲಿ ಸೈಕಲ್ ತಳ್ಳುವುದು ಹೇಗಿರುತ್ತದೆ ಅಂತ ನಿಮಗೆ ಗೊತ್ತಿರಲಿಕ್ಕಿಲ್ಲ. ತಳ್ಳುವುದಲ್ಲ ಅದು, ಹಿಡಿಯುವುದು. ಸೈಕಲ್ ತಾನಾಗಿಯೇ ಓಡುತ್ತೇನೆ ಅನ್ನುತ್ತದೆ, ನೀವು ಬ್ರೇಕ್ ಒತ್ತಿ, ಹಿಮ್ಮಡಿ ಊರಿ ಬೇಡ ಬೇಡ ಅನ್ನುತ್ತಾ ಹೋಗಬೇಕು. ಹತ್ತಿದರೆ ಎದೆಗೆ ಗಾಳಿ, ಆ ಗಾಳಿಯನ್ನು ನೋಡಿಕೊಂಡು ನಡೆಯಬೇಕು. ದುಡಿಯುವ ವಯಸ್ಸೆಲ್ಲ ನಾನು ಆ ಇಳಿಜಾರನ್ನು ಹೀಗೇ ಇಳಿದೆ. ಮೊದಲು ಯಾರಾದರೂ ಮರೆತರೆ ಕಟ್ಟೆಯ ಮೇಲಿನಿಂದ ಒಂದು ಕೆಮ್ಮು ಕೇಳಿಸುತ್ತಿತ್ತು. ಬೈಗುಳವೇ ಬೇಕಾಗಿರಲಿಲ್ಲ.

ಆ ಕೆಮ್ಮಿನ ಯಜಮಾನ ಇನ್ನೂ ಇದ್ದಾನೆ, ಹೆಚ್ಚುಕಡಿಮೆ ನನ್ನ ವಾರಿಗೆಯವನು. ಈಗಲೂ ಬೆಳಿಗ್ಗೆ ಪೇಪರ್ ಹಿಡಿದು ಅದೇ ಕಟ್ಟೆಯ ಮೇಲೆ ಕೂರುತ್ತಾನೆ. ಇಲ್ಲಿ ಅವನು ಅಂತ ಬರೆಯುತ್ತಿದ್ದೇನೆ. ಎದುರಿಗೆ ಸಿಕ್ಕರೆ ಇವತ್ತಿಗೂ ನನ್ನ ಬಾಯಲ್ಲಿ "ಧಣೇರ" ಅಂತಲೇ ಬರುತ್ತದೆ. ಹಾಳಾದ ಬಾಯಿ.

ನನ್ನ ಮಗನಿಗೆ ಇದನ್ನು ನಾನು ತೋರಿಸಲಿಲ್ಲ. ಅವನು ಸಣ್ಣವನಿದ್ದಾಗ ಬಾರ್ ಮೇಲೆ ಕೂರಿಸಿಕೊಂಡು ಹೊರಟರೆ ಓಣಿ ಬಿಟ್ಟು ಹೊಲದ ದಾರಿ ಹಿಡಿಯುತ್ತಿದ್ದೆ. ನೆಗ್ಗಿಲ ಮುಳ್ಳಿನ ದಾರಿ, ಹೋದಾಗೊಮ್ಮೆ ಪಂಚರ್. ಆಮೇಲೆ ಅವನು ಹಾಸ್ಟೆಲ್ ಸೇರಿದ, ಓದಿದ, ಕೂಡ್ಲಿಗಿಯ ಆಫೀಸೊಂದರಲ್ಲಿ ನೌಕರಿ ಹಿಡಿದ. ಅವನು ಬೈಕ್ ತರುವ ಹೊತ್ತಿಗೆ ಇಳಿಯುವುದು ನಿಂತಿತ್ತು. ಯಾರೂ ನಿಲ್ಲಿಸಿದ್ದಲ್ಲ. ಬೈಕು, ಟಂಟಂ ಆಟೋ ಬಂದವು. ಮೋಟರಿನ ಗಾಡಿಯನ್ನು ತಳ್ಳಿಕೊಂಡು ಹೋಗು ಅನ್ನಲು ಅವರಿಗೂ ನಾಚಿಕೆ ಬಂತೋ ಏನೋ. ಹುಡುಗರು ಹತ್ತಿಕೊಂಡೇ ಹೋದರು. ನಾನು ಮಾತ್ರ, ನನ್ನ ಸೈಕಲ್ ತುಕ್ಕು ಹಿಡಿದು ಮೂಲೆ ಸೇರುವ ತನಕ, ಇಳಿದೇ ಹೋದೆ. ಹಳೇ ಕಥೆ ತೆಗೆದಾಗಲೆಲ್ಲ ಮಗ ನಗುತ್ತಿದ್ದ. "ನಮ್ಮಪ್ಪಗ ನೆಟ್ಟಗಿರೋ ದಾರಿ ಆಗಿಬರಂಗಿಲ್ಲ. ಮುಳ್ಳಿನ ದಾರಿನ ಬೇಕು. ಪಂಚರ್ ಹಾಕೋನ ಪಾಲುದಾರ ಇದ್ದನೇನೋ." ನಾನೂ ಅವನ ಜೊತೆ ನಗುತ್ತಿದ್ದೆ.

ಇಂಥ ಇಳಿಜಾರಿನಲ್ಲಿ ನನ್ನ ಮೊಮ್ಮಗಳು ಸೈಕಲ್ ಹತ್ತಿಕೊಂಡೇ ಬರುವುದನ್ನು ನೋಡಲು ನಾನು ಬೆಳಿಗ್ಗೆ ಬೆಳಿಗ್ಗೆ ಸೇತುವೆಯ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಕಟ್ಟೆಯ ಮುಂದೆ ಬಂದಾಗ ಆ ಯಜಮಾನ, "ಬಂತೇನವ್ವಾ ನಿನ್ನ ವಿಮಾನ?" ಅಂತ ಕೂಗುತ್ತಿದ್ದ. ಇವಳು ಒಂದು ಕೈ ಬಿಟ್ಟು ಬೀಸಿ, "ಹತ್ತತೀರೇನು ತಾತಾ, ಒಂದು ಸೀಟು ಖಾಲಿ ಐತಿ" ಅನ್ನುತ್ತಿದ್ದಳು. ಅವನನ್ನೂ ತಾತ ಅನ್ನುತ್ತಿದ್ದಳು! ಆಮೇಲೆ ಸರ್ರನೆ ಇಳಿಜಾರಿಗೆ ಬೀಳುತ್ತಿದ್ದಳು. ತುಳಿಯುವುದು ಬಿಟ್ಟು, ಬಾಯಿ ತೆರೆದು, ನಗುತ್ತಾ. ಆ ನಗು ಸೇತುವೆ ಮುಟ್ಟುವ ತನಕ ನಿಲ್ಲುತ್ತಿರಲಿಲ್ಲ. ಮೇಷ್ಟ್ರು ಬೈಯುತ್ತಿದ್ದರಂತೆ, ಇಳಿಜಾರಿನಲ್ಲೂ ತುಳಿಯಬೇಕು, ಆಟ ಆಡಬಾರದು ಅಂತ. ನಾನು ಅವಳಿಗೆ ಹೇಳುತ್ತಿದ್ದೆ, "ಆಡವ್ವಾ ನೀನು, ಅವರ ಮಾತೇನು ಕೇಳತಿ."

ಒಂದು ದಿನ ಸೇತುವೆಯ ಹತ್ತಿರ ನಿಲ್ಲಿಸಿ, "ಒಂದು ಸುತ್ತು ಹೊಡಿ ತಾತ" ಅಂದಳು. ಸೀಟು ಇಳಿಸಿ ಕೊಟ್ಟಳು. ಪೆಡಲಿಗೆ ಕಾಲು ಬಿಗಿಯುವ ಪಟ್ಟಿಗಳಿದ್ದವು. ಪಾದ ಮೇಲೆತ್ತಿದರೆ ಬರುವುದಿಲ್ಲ, ಹಿಂದಕ್ಕೆ ಜಗ್ಗಿದರೆ ಬರುತ್ತದೆ ಅಂತ ನಿಂತುಕೊಂಡೇ ಹತ್ತಾರು ಸಲ ಮಾಡಿಸಿದಳು. ಹತ್ತಿದೆ. ಅಯ್ಯೋ, ಅದನ್ನು ಏನಂತ ಹೇಳಲಿ. ನನ್ನ ಎಮ್ಮೆ ಸೈಕಲ್ ಹೇಳಿದ ಮೇಲೆ ಹೋಗುತ್ತಿತ್ತು, ಇದು ನೆನೆದ ಕೂಡಲೇ ಹೋಗುತ್ತದೆ. ಕೆಟ್ಟ ಡಾಂಬರು ಬಂದರೆ ಪೈಪು ಸಣ್ಣಗೆ ನಡುಗಿ ಸುಮ್ಮನಾಗುತ್ತದೆ, ಕುದುರೆಯ ಚರ್ಮದ ಹಾಗೆ. ಬೆಳಗಿನ ತಂಪಿನಲ್ಲಿ ಬಯಲು ರಸ್ತೆಯಲ್ಲಿ ದೂರ ಹೋಗಿ ಬಂದೆ. ನನ್ನ ಮೊಣಕಾಲು ನನ್ನವೇ ಅಂತ ನಂಬಲಾಗಲಿಲ್ಲ. ಅಂದಿನಿಂದ ಅವಳ ಓಟ ಮುಗಿದ ಮೇಲೆ ದಿನಾ ನನ್ನದೊಂದು ಸುತ್ತು. ಯಾವಾಗಲೂ ಸೇತುವೆಯಿಂದ ಆಚೆಗೆ, ಬಯಲಿನ ಕಡೆಗೆ. ಇಳಿಜಾರಿನ ಕಡೆಗೆ ನಾನೂ ತಿರುಗಿಸಲಿಲ್ಲ, ಅವಳೂ ಕೇಳಲಿಲ್ಲ.

ಆದರೆ ಆಸೆ ಸುಮ್ಮನಿರಲಿಲ್ಲ. ಅವಳಿಗೆ ಜಿಲ್ಲೆಯ ಆಯ್ಕೆಯ ರೇಸು ಹತ್ತಿರ ಬಂದಿತ್ತು. ಒಂದು ದಿನ ಮೈ ಬೆಚ್ಚಗಾಗಿದೆ ಅಂತ ಅವಳು ಏಳಲಿಲ್ಲ. ಸೈಕಲ್ ಅಂಗಳದಲ್ಲಿತ್ತು. ನಾನು ಕೇರಿಯಿಂದಲೇ ಹತ್ತಿದೆ. ಓಣಿಯ ಬಾಯಿ ಬಂತು, ಇಳಿಯಲಿಲ್ಲ. ಯಾರು ಏನನ್ನುತ್ತಾರೆ ಈಗ? ಏನೂ ಅನ್ನುವುದಿಲ್ಲ. ನನಗೆ ನಾನೇ ಹೇಳಿಕೊಳ್ಳುತ್ತಾ ತುಳಿದೆ. ಹಾಲಿನವನು "ಏನಜ್ಜಾ, ಜೋರು" ಅಂದ. ಅಂಗಡಿ ದಾಟಿದೆ. ಬೇವಿನ ಮರ ಕಂಡಿತು, ಅದರಾಚೆ ಇಳಿಜಾರು ಬೆಳ್ಳಗೆ ಬಿದ್ದುಕೊಂಡಿತ್ತು, ನನಗೋಸ್ಕರವೇ ಗುಡಿಸಿಟ್ಟ ಹಾಗೆ. ಆ ಯಜಮಾನ ಕಟ್ಟೆಯ ಮೇಲಿದ್ದ. ನೋಡಲಿ ಅಂದುಕೊಂಡೆ. ಕತ್ತು ಎತ್ತಿ ಹೊರಟೆ.

ಅವನು ಕೆಮ್ಮಿದ.

ಬೆಳಗಿನ ಕೆಮ್ಮು. ಮುದುಕರಿಗೆಲ್ಲ ಬರುವಂಥದ್ದು. ಅವನು ಪೇಪರಿನಿಂದ ತಲೆಯನ್ನೂ ಎತ್ತಿರಲಿಲ್ಲ. ಆದರೆ ನನ್ನ ಬಲಗಾಲು ಆಗಲೇ ಮೇಲೆದ್ದಿತ್ತು, ಇಳಿಯಲು. ಪಟ್ಟಿಯಲ್ಲಿ ಪಾದ ಸಿಕ್ಕಿಕೊಂಡಿತು. ಕಟ್ಟೆಯ ಮುಂದೆಯೇ, ಇಳಿಜಾರು ಶುರುವಾಗುವಲ್ಲೇ, ಸೈಕಲ್ ಸಮೇತ ಮಗುಚಿ ಬಿದ್ದೆ.

ಅವನ ಮೊಮ್ಮಗ ಓಡಿ ಬಂದ. ಒಳ್ಳೆಯ ಹುಡುಗ, ಅವನ ಮೇಲೆ ನನ್ನದೇನೂ ಇಲ್ಲ. ಕಾಲು ಬಿಡಿಸಿದ, ತಬ್ಬಿಕೊಂಡು ಎತ್ತಿ ಕಟ್ಟೆಯ ಮೇಲೇ ಕೂರಿಸಿದ. ನಾನು ಆ ಕಟ್ಟೆಯ ಮೇಲೆ ಕೂತದ್ದು ಅದೇ ಮೊದಲು. ತನ್ನ ಬಾಟಲಿಯ ನೀರು ಕೊಟ್ಟ. "ಯಾಕಜ್ಜ, ಇಲ್ಲಿ ಯಾಕ ಇಳಿಯಾಕ ಹೋದಿ? ಯಾರೂ ಅಡ್ಡ ಬಂದಿರಲಿಲ್ಲಲ್ಲ?" ಅಂದ. ನಿಜವಾಗಿಯೂ ಅವನಿಗೆ ಗೊತ್ತಿಲ್ಲ. ಅವನ ಅಜ್ಜನಿಗೆ ಗೊತ್ತಿತ್ತು. ಹತ್ತಿರ ಸರಿದು, ದನಿ ಇಳಿಸಿ, ಜೋಕು ಮಾಡುವವನ ಹಾಗೆ, "ಈಗ್ಯಾರು ಇಳಿ ಅಂದ್ರಪಾ ನಿನಗ?" ಅಂದ.

ನಾನು ನಕ್ಕೆ. ಮಣಿಕಟ್ಟು ಬಾತು ಜೀವ ಹೋಗುತ್ತಿದೆ, ಆದರೂ ಹಲ್ಲು ಕಿರಿದೆ. ಬಿದ್ದದ್ದಕ್ಕಿಂತ ಆ ನಗು ನನ್ನನ್ನು ಹೆಚ್ಚು ಸುಡುತ್ತದೆ.

ಕೈಗೆ ಪಟ್ಟಿ ಹಾಕಿಸಿಕೊಂಡು ಮನೆಗೆ ಬಂದೆ. ಸೈಕಲ್ಲಿನ ಮುಂದಿನ ಫೋರ್ಕು ಬಗ್ಗಿತ್ತು. ಹೆಂಗಾತು, ಹೆಂಗಾತು ಅಂತ ಎಲ್ಲರೂ ಮುತ್ತಿಕೊಂಡರು. "ನಾಯಿ ಅಡ್ಡ ಬಂತು" ಅಂದೆ. ಬಾಯಿಗೆ ಅದೇ ಬಂತು.

ಆ ನಾಯಿಯೇ ಸೈಕಲ್ಲಿಗೆ ಮುಳುವಾಯಿತು. ಮಗ ಪೆಡಲಿನ ಪಟ್ಟಿಯಲ್ಲಿ ಬೆರಳು ಹಾಕಿ ಜಗ್ಗಿ ನೋಡಿದ. "ಒಂದು ನಾಯಿ ಅಡ್ಡ ಬಂದ್ರ ಕಾಲು ತೆಗಿಯಾಕ ಆಗಂಗಿಲ್ಲ ಅಂದ್ರ ಇದೇನು ಸೈಕಲ್ಲೋ, ಕೋಳವೋ? ನಾಳೆ ಲಾರಿ ಬಂದ್ರ?" ಅಂದ. ಸೈಕಲ್ಲನ್ನು ಹಿತ್ತಲ ಕೋಣೆಯಲ್ಲಿಟ್ಟು ಬೀಗ ಹಾಕಿದ. ರವಿವಾರ ಮೇಷ್ಟ್ರಿಗೆ ವಾಪಸು ಕೊಟ್ಟುಬಿಡುವುದು ಅಂದ. ಮೊಮ್ಮಗಳು ಅತ್ತಳು, ಕೂಗಾಡಿದಳು.

"ಬ್ಯಾರೆ ಸೈಕಲ್ ಮ್ಯಾಲೆ ನನಗ ಆಗಂಗಿಲ್ಲಪ್ಪಾ. ರೇಸು ಎದುರಿಗೈತಿ."

"ರೇಸು ಮುಂದಿನ ವರ್ಷನೂ ಬರತೈತಿ. ನೀ ಒಬ್ಬಾಕಿನ ಇರೋದು ನನಗ."

ಮಗನದು ತಪ್ಪಲ್ಲ. ಅವನಿಗೆ ಅವಳ ಜೀವದ ಹೆದರಿಕೆ. ಅವಳಿಗೆ ಆ ಸೈಕಲ್ ಬಿಟ್ಟರೆ ಬೇರೆ ಜೀವವಿಲ್ಲ. ನಡುವೆ ಇಲ್ಲದ ನಾಯಿಯನ್ನು ತಂದು ನಿಲ್ಲಿಸಿದವನು ನಾನು. ಅವಳು ನನ್ನ ಹಾಸಿಗೆಯ ಹತ್ತಿರ ಬಂದು ಕೂತು, "ತಾತ, ನೀ ಚಂದಾಗಿ ಕಾಲು ತೆಗೀತಿದ್ದಿ. ನಾನ ನೋಡೀನಿ. ನಾಯಿ ಬಂದ್ರ ಬ್ರೇಕ್ ಹಿಡೀಬೇಕು, ಇಳಿಯಾಕ ಯಾಕ ಹೋದಿ? ಅಪ್ಪಗ ಒಂದು ಮಾತು ಹೇಳು, ಸೈಕಲ್ದು ಏನೂ ತಪ್ಪಿಲ್ಲ ಅಂತ" ಅಂದಳು. ಹೇಳುತ್ತೇನೆ ಅಂದೆ. ಶನಿವಾರದ ತನಕ ಹೇಳಲಿಲ್ಲ.

ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಮಗ ಮೇಷ್ಟ್ರಿಗೆ ಫೋನು ಹಚ್ಚಲು ಮೊಬೈಲ್ ತೆಗೆದ. ಮೊಮ್ಮಗಳು ರೊಟ್ಟಿ ಮುರಿಯದೆ ತಟ್ಟೆಯನ್ನೇ ನೋಡುತ್ತಿದ್ದಳು.

"ನಾಯಿ ಬಂದಿರಲಿಲ್ಲ" ಅಂದೆ.

ಮಗ ಫೋನು ಕೆಳಗಿಟ್ಟ.

"ಕಟ್ಟಿ ಬಂತು. ಕಟ್ಟಿ ಬಂದ್ರ ನಾ ಇಳೀತಿದ್ನಿ. ಆ ಧಣಿ ಕೆಮ್ಮಿದ. ಕಾಲು ತಾನ ಇಳೀತು. ಸೈಕಲ್ ನನ್ನ ಕೆಡವಲಿಲ್ಲೋ, ನಾನ ಅದನ್ನ ಕೆಡವಿದೆ."

ಸೊಸೆಗೆ ತಿಳಿಯಿತು, ಅವಳ ತವರಿನಲ್ಲೂ ಇಂಥದ್ದು ಇತ್ತು. ಸೆರಗು ಬಾಯಿಗೆ ಒತ್ತಿಕೊಂಡಳು. ಮಗ ಮಾತ್ರ, "ಅದೆಲ್ಲ ಮುತ್ತಾತನ ಕಾಲಕ್ಕ ಇತ್ತಲ್ಲಪ್ಪ. ನಿನ್ನ ಕಾಲಕ್ಕ ಎಲ್ಲಿತ್ತು? ನನ್ನ ಕೂರಿಸ್ಕೊಂಡು ಎಷ್ಟು ಸಲ ಹೋಗಿ..." ಅಂದವನು ಅಲ್ಲಿಗೇ ನಿಲ್ಲಿಸಿದ. ಇಷ್ಟು ವರ್ಷ ಜೋಕು ಮಾಡಿಕೊಂಡು ಬಂದ ಮುಳ್ಳಿನ ದಾರಿ ಅವನಿಗೆ ನೆನಪಾಯಿತು. ನನ್ನ ಮುಖ ನೋಡಿದ.

"ನಿನಗ ಹೊಡೀತಿದ್ರೇನು?" ಅಂದ.

"ಹೊಡಿಯಾಕ ನಾವೆಲ್ಲಿ ಬಿಟ್ವಿ? ಮೊದ್ಲ ಇಳೀತಿದ್ವಿ."

ಅವನು ಕೈತೊಳೆದು ಎದ್ದ. ಹಿತ್ತಲಿಗೆ ಹೋಗಿ ಬೀಗ ತೆಗೆದ ಸಪ್ಪಳ ಕೇಳಿತು. ಬಿಸಿಲಲ್ಲೇ ಸೈಕಲ್ಲನ್ನು ಟಂಟಂನಲ್ಲಿ ಹಾಕಿಕೊಂಡು ಕೊಟ್ಟೂರಿಗೆ ಹೋಗಿ ಫೋರ್ಕು ನೆಟ್ಟಗೆ ಮಾಡಿಸಿಕೊಂಡು ಬಂದ. ನನ್ನ ಜೊತೆ ಆ ವಿಷಯ ಮತ್ತೆ ಎತ್ತಲಿಲ್ಲ. ಮೊಮ್ಮಗಳು ಒಂದೇ ಮಾತು ಕೇಳಿದಳು.

"ಎಲ್ಲಿ ತನಕ ತಾತ?"

"ಏನು?"

"ಎಲ್ಲಿ ತನಕ ತಳ್ಳಬೇಕಿತ್ತು?"

"ಹಳ್ಳದ ತನಕ" ಅಂದೆ.

ಅವಳು ಆಯ್ಕೆಯಾದಳು. ಅಲ್ಯೂಮಿನಿಯಂ ಹುಡುಗಿಯರನ್ನೆಲ್ಲ ಹಿಂದೆ ಹಾಕಿ, ಆ ಕೂಡಿಸಿದ ಉಕ್ಕಿನ ಮೇಲೆ. ನಾನು ರಸ್ತೆಯ ಬದಿಯಲ್ಲಿ ನಿಂತು ಪಟ್ಟಿ ಹಾಕಿದ ಕೈಯನ್ನೇ ಎತ್ತಿ ಕೂಗಿದೆ. ಯಾರೋ ನನ್ನ ದನಿಗೆ ತಿರುಗಿ ನೋಡಿ, "ನಿಮ್ಮಾಕೇನ್ರಿ?" ಅಂದರು. ನಮ್ಮಾಕಿ, ನಮ್ಮಾಕಿ ಅಂದೆ. ಅವತ್ತು ಬಸ್ಸಿನಲ್ಲಿ ಊರು ಮುಟ್ಟುವ ತನಕ ಕಂಡವರಿಗೆಲ್ಲ ಪೇಢೆ ಹಂಚಿದೆ. ಆ ಸಂತೋಷ ಸುಳ್ಳಲ್ಲ.

ನಾನು ಈಗಲೂ ಬೆಳಿಗ್ಗೆ ಸೇತುವೆಗೆ ಹೋಗಿ ನಿಲ್ಲುತ್ತೇನೆ. ಕಟ್ಟೆಯಿಂದ ಆ ಯಜಮಾನ "ಬಂತೇನವ್ವಾ ವಿಮಾನ" ಅನ್ನುತ್ತಾನೆ, ಅಲ್ಲಿ ತನಕ ಕೇಳುತ್ತದೆ. ಅವಳು ಉತ್ತರ ಕೊಡುವುದಿಲ್ಲ. ಕೈ ಬೀಸುವುದಿಲ್ಲ. ತಲೆ ತಗ್ಗಿಸಿ, ಹಲ್ಲು ಕಚ್ಚಿ, ಇಳಿಜಾರಿನಲ್ಲೂ ತುಳಿಯುತ್ತಾಳೆ, ಏನನ್ನೋ ತುಳಿಯುವವಳ ಹಾಗೆ. ಮೇಷ್ಟ್ರಿಗೆ ಖುಷಿಯೋ ಖುಷಿ. "ಅಜ್ಜಾರ, ಇಳಿಜಾರಿನಾಗ ಈಗ ಆಟ ಬಿಟ್ಟಾಳ ನೋಡ್ರಿ. ಏನು ಹೇಳಿದ್ರಿ ಆಕಿಗೆ?" ಅಂದರು. ಕಟ್ಟೆಯ ಆ ಒಳ್ಳೆಯ ಹುಡುಗ ಒಂದು ದಿನ ಸಂಕೋಚದಿಂದ, "ನಿಮ್ಮ ಮೊಮ್ಮಗಳಿಗೆ ನಮ್ಮ ಮ್ಯಾಲೆ ಸಿಟ್ಟೇನಜ್ಜಾ?" ಅಂತ ಕೇಳಿದ.

ನಿನ್ನೆ ತಡೆಯಲಾಗದೆ ಅವಳನ್ನು ಸೇತುವೆಯಲ್ಲಿ ನಿಲ್ಲಿಸಿದೆ. "ಯವ್ವಾ, ಮೊದಲಿನಂಗ ಕೈ ಬಿಟ್ಟು, ನಕ್ಕೊಂತ ಬಾ" ಅಂದೆ.

ಅವಳು ನೀರು ಕುಡಿದು, ಬಾಯಿ ಒರೆಸಿಕೊಂಡು, ಮೇಲೆ ಬೇವಿನ ಮರದ ಕಡೆಗೆ ನೋಡಿದಳು.

"ನಗು ಬರಂಗಿಲ್ಲ ತಾತ. ಮಾಡಿ ನೋಡೀನಿ, ಬರಂಗಿಲ್ಲ" ಅಂದಳು. ಪಟ್ಟಿಯಲ್ಲಿ ಕಾಲು ಬಿಗಿದುಕೊಂಡು ಬಯಲಿನ ಕಡೆಗೆ ಹೊರಟುಹೋದಳು.